ಮುಚ್ಚಳ ಯಾಕೆ ಬಿಡಲ್ಲ? ಹದಿನಾರು ಕುದುರೆಗಳಿಂದ ನಮ್ಮನೆ ಕುಕ್ಕರ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇತಿಹಾಸ ಅಂದ್ರೆ ರಾಜರು, ಯುದ್ಧಗಳು, ಒಪ್ಪಂದಗಳು ಅಂತ ಓದಿಕೊಂಡು ಬಂದವರು ನಾವು. ಇವತ್ತು ಅಡುಗೆಮನೆಯಿಂದ ಶುರು ಮಾಡೋಣ.

ರಾತ್ರಿ ಉಳಿದ ಬಿಸಿ ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಇಡ್ತೀವಿ. ಬೆಳಿಗ್ಗೆ ನೋಡಿದ್ರೆ ಮುಚ್ಚಳ ಅಲ್ಲಾಡಲ್ಲ. ಒಬ್ಬರು ಲಟ್ಟಣಿಗೆಯಲ್ಲಿ ತಟ್ಟುತ್ತಾರೆ. ಇನ್ನೊಬ್ಬರು "ಕೊಡಿ ಇಲ್ಲಿ" ಅಂತ ಕಿತ್ಕೊಂಡು ಸ್ಕ್ರೂಡ್ರೈವರ್ ತರ್ತಾರೆ. ಕೊನೆಗೆ ಮುಚ್ಚಳದ ಅಂಚು ಸೊಟ್ಟಗಾಗುತ್ತೆ, ಆಮೇಲೆ ಆ ಡಬ್ಬಿ ಜನ್ಮದಲ್ಲಿ ಸರಿಯಾಗಿ ಮುಚ್ಚಲ್ಲ. ರಾತ್ರಿ ಒಂದೇ ಕೈಯಲ್ಲಿ ಕೂತ ಮುಚ್ಚಳ ಬೆಳಗಾಗೋದರೊಳಗೆ ಇಷ್ಟು ಹಟ ಹಿಡಿಯೋಕೆ ಏನಾಯ್ತು? ಡಬ್ಬಿ ಅದೇ, ಮುಚ್ಚಳ ಅದೇ, ನಮ್ಮ ತೋಳಿನ ಬಲವೂ ಅದೇ.

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸುಮಾರು 370 ವರ್ಷಗಳ ಹಿಂದೆ. ಅದಕ್ಕೆ ಒಬ್ಬ ಮೇಯರ್, ಎರಡು ತಾಮ್ರದ ಬಟ್ಟಲು ಮತ್ತು ಹದಿನಾರು ಕುದುರೆಗಳು ಬೇಕಾದವು.

ಮೇಯರ್ ಸಾಹೇಬರ ಬಟ್ಟಲುಗಳು

ಜರ್ಮನಿಯಲ್ಲಿ ಮಾಗ್ಡೆಬುರ್ಗ್ ಅಂತ ಒಂದು ಊರು. ಮೂವತ್ತು ವರ್ಷಗಳ ಯುದ್ಧದ ಸಮಯದಲ್ಲಿ, 1631ರಲ್ಲಿ, ಸೈನ್ಯ ನುಗ್ಗಿ ಆ ಊರನ್ನ ಸುಟ್ಟು ಬೂದಿ ಮಾಡಿತ್ತು. ಓಟ್ಟೊ ಫಾನ್ ಗೆರಿಕೆ ಅನ್ನೋ ಎಂಜಿನಿಯರ್ ಊರನ್ನು ಮತ್ತೆ ಕಟ್ಟೋ ಕೆಲಸದಲ್ಲಿ ದುಡಿದ, 1646ರಲ್ಲಿ ಅಲ್ಲಿನ ಮೇಯರ್ ಆದ. ಇಷ್ಟೆಲ್ಲಾ ಜವಾಬ್ದಾರಿ ಇದ್ರೂ ಅವನ ತಲೆ ತಿಂತಾ ಇದ್ದ ವಿಷಯ ಒಂದೇ: ಏನೂ ಇಲ್ಲದ ಜಾಗ ಅನ್ನೋದು ಇರೋಕೆ ಸಾಧ್ಯವಾ?

ಅರಿಸ್ಟಾಟಲ್ ಕಾಲದಿಂದ ಯುರೋಪಿನ ಪಂಡಿತರು ಸಾಧ್ಯ ಇಲ್ಲ ಅಂತಲೇ ಹೇಳ್ತಿದ್ರು. ಪ್ರಕೃತಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ, ಅದು ತಕ್ಷಣ ತುಂಬಿಕೊಳ್ಳುತ್ತೆ ಅನ್ನೋದು ಅವರ ವಾದ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆ ಇಟ್ಕೊಂಡು ಒಂದು ಪ್ರಯೋಗ ರೂಪಿಸಿದ. ಗಾಳಿಗೆ ತೂಕ ಇದೆ, ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿ ಬದುಕ್ತಿದ್ದೀವಿ ಅನ್ನೋ ಅರ್ಥದ ಮಾತು ಬರೆದ. ಆದ್ರೆ ಅದು ಪಂಡಿತರ ನಡುವಿನ ಮಾತಾಗಿತ್ತು. ಕಣ್ಣಾರೆ ನಂಬೋ ಹಾಗೆ ತೋರಿಸಿದವನು ಗೆರಿಕೆ.

ಅವನು ಗಾಳಿ ಹೊರಗೆ ಎಳೆಯೋ ಪಂಪ್ ಮಾಡಿದ. ಸುಮಾರು ಅರ್ಧ ಮೀಟರ್ ಅಗಲದ ಎರಡು ತಾಮ್ರದ ಅರ್ಧಗೋಳ ಮಾಡಿಸಿದ, ಅಂದ್ರೆ ನಮ್ಮ ಮದುವೆ ಮನೆಯ ದೊಡ್ಡ ಬಾಣಲೆಯ ಹಾಗೆ ಅಂದ್ಕೊಳ್ಳಿ. ಎರಡನ್ನೂ ಬಾಯಿಗೆ ಬಾಯಿ ಜೋಡಿಸಿ, ನಡುವೆ ಮೇಣ ಮತ್ತು ಟರ್ಪೆಂಟೈನ್‌ನಲ್ಲಿ ನೆನೆಸಿದ ಚರ್ಮದ ಉಂಗುರ ಇಟ್ಟ. ಈ ಚರ್ಮದ ಉಂಗುರ ನೆನಪಿಟ್ಕೊಳ್ಳಿ, ಮುಂದೆ ಬೇರೆ ರೂಪದಲ್ಲಿ ಬರುತ್ತೆ. ಆಮೇಲೆ ಒಳಗಿನ ಗಾಳಿಯನ್ನೆಲ್ಲಾ ಪಂಪ್ ಮಾಡಿ ತೆಗೆದ. 1650ರ ದಶಕದಲ್ಲಿ ಜನರ ಮುಂದೆ ಒಂದೊಂದು ಕಡೆಗೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಬಟ್ಟಲುಗಳಿಗೆ ಮೊಳೆ ಇಲ್ಲ, ಅಂಟು ಇಲ್ಲ, ಬೆಸುಗೆ ಇಲ್ಲ. ಕುದುರೆಗಳು ಎಳೆದ್ರೂ ಬಟ್ಟಲುಗಳು ಜಗ್ಗಲಿಲ್ಲ.

ಈಗ ಲೆಕ್ಕ ಹಾಕೋಣ. ನಾನು ಓದಿದ್ದು ಬಿ.ಕಾಂ., ಭೌತಶಾಸ್ತ್ರ ಬರಲ್ಲ, ಲೆಕ್ಕ ಬರುತ್ತೆ. ಗಾಳಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆ.ಜಿ. ತೂಕದಷ್ಟು ಒತ್ತುತ್ತೆ. ಅರ್ಧ ಮೀಟರ್ ಅಗಲದ ಬಟ್ಟಲಿನ ಬಾಯಿ ಅಂದ್ರೆ ಸುಮಾರು 2,000 ಚದರ ಸೆಂಟಿಮೀಟರ್. ಅಂದ್ರೆ ಎರಡು ಟನ್ ಭಾರ ಆ ಬಟ್ಟಲುಗಳನ್ನ ಒಂದಕ್ಕೊಂದು ಒತ್ತಿ ಹಿಡಿದಿತ್ತು. ಇನ್ನೊಂದು ತಮಾಷೆ ಏನಂದ್ರೆ ನಿಜಕ್ಕೂ ಎಂಟು ಕುದುರೆ ಸಾಕಿತ್ತು. ಇನ್ನೊಂದು ತುದಿಯನ್ನ ಗೋಡೆಗೆ ಕಟ್ಟಿದ್ರೂ ಎಳೆತ ಅಷ್ಟೇ ಇರ್ತಿತ್ತು. ಆದ್ರೆ ಹದಿನಾರು ಕುದುರೆ ನಿಲ್ಲಿಸಿದ್ರೆ ನೋಡೋಕೆ ಜೋರಾಗಿರುತ್ತೆ. ಪ್ರಚಾರ ಹೇಗೆ ಮಾಡ್ಬೇಕು ಅಂತ ಮೇಯರ್‌ಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಕುದುರೆಗಳಲ್ಲ, ಅದರ ನಂತರದ್ದು. ಬಟ್ಟಲಿನಲ್ಲಿ ಒಂದು ಪುಟ್ಟ ನಲ್ಲಿ ಇತ್ತು. ಅದನ್ನ ತಿರುಗಿಸಿದ್ರೆ ಸುಂಯ್ ಅಂತ ಗಾಳಿ ಒಳಗೆ ಹೋಗುತ್ತೆ, ಬಟ್ಟಲುಗಳು ತಾವಾಗಿ ಬೇರೆ ಆಗುತ್ತವೆ. ಬ್ಯಾಲೆನ್ಸ್ ಶೀಟ್ ಭಾಷೆಯಲ್ಲಿ ಹೇಳೋದಾದ್ರೆ, ಹೊರಗಿನ ಖಾತೆಗೂ ಒಳಗಿನ ಖಾತೆಗೂ ವ್ಯತ್ಯಾಸ ಇತ್ತು, ಅದನ್ನ ಸರಿದೂಗಿಸಿದ ತಕ್ಷಣ ಜಗಳ ಮುಗೀತು.

ನಮ್ಮ ಡಬ್ಬಿಯ ಲೆಕ್ಕ

ಈಗ ಸಾರಿನ ಡಬ್ಬಿಗೆ ಬನ್ನಿ. ನಮ್ಮ ಹತ್ರ ಪಂಪ್ ಇಲ್ಲ, ಹಾಗಿದ್ರೆ ಗಾಳಿ ತೆಗೆದವರು ಯಾರು? ಬಿಸಿ ಸಾರೇ ತೆಗೀತು. ಬಿಸಿ ಸಾರು ಹಾಕಿದಾಗ ಮೇಲಿನ ಜಾಗದಲ್ಲಿ ಹಬೆ ತುಂಬಿಕೊಂಡು ಗಾಳಿಯನ್ನ ಹೊರಗೆ ತಳ್ಳುತ್ತೆ. ಒಂದು ಗ್ರಾಂ ನೀರು ಹಬೆಯಾದ್ರೆ ಒಂದೂವರೆ ಲೀಟರ್‌ಗೂ ಹೆಚ್ಚು ಜಾಗ ಹಿಡಿಯುತ್ತೆ. ನಾವು ಮುಚ್ಚಳ ಒತ್ತುತ್ತೀವಿ. ಸಾರು ಆರಿದ ಹಾಗೆ ಹಬೆ ಮತ್ತೆ ನೀರಿನ ಹನಿ ಆಗುತ್ತೆ, ಉಳಿದ ಗಾಳಿಯೂ ತಣ್ಣಗಾಗಿ ಕುಗ್ಗುತ್ತೆ. ಅಂಚಿನಲ್ಲಿ ಸಾರಿನ ಪಸೆ ಇದ್ರೆ ಅದೇ ಗೆರಿಕೆಯ ಚರ್ಮದ ಉಂಗುರದ ಕೆಲಸ ಮಾಡುತ್ತೆ, ಹೊರಗಿನ ಗಾಳಿ ಒಳಗೆ ನುಸುಳಲ್ಲ.

ಮುಚ್ಚಳ 12 ಸೆಂಟಿಮೀಟರ್ ಅಗಲ ಇದ್ರೆ ಅದರ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಕಾಲುಭಾಗ ಕಡಿಮೆಯಾದ್ರೂ ಸಾಕು, ಮುಚ್ಚಳದ ಮೇಲೆ ಸುಮಾರು 28 ಕೆ.ಜಿ. ಭಾರ ಕೂತ ಹಾಗೆ. 25 ಕೆ.ಜಿ. ಅಕ್ಕಿ ಮೂಟೆಗಿಂತ ಜಾಸ್ತಿ! ಅಕ್ಕಿ ಮೂಟೆಯನ್ನ ಬೆರಳ ತುದಿಯಲ್ಲಿ ಎತ್ತೋಕೆ ಹೋಗ್ತೀವಾ? ಡಬ್ಬಿ ವಿಷಯದಲ್ಲಿ ಮಾತ್ರ ಹೋಗ್ತೀವಿ, ಯಾಕಂದ್ರೆ ಮೂಟೆ ಕಣ್ಣಿಗೆ ಕಾಣಲ್ಲ.

ಹಾಗಾಗಿ ಇಲ್ಲೂ ಮಾಡಬೇಕಾದ್ದು ಗೆರಿಕೆ ನಲ್ಲಿ ತಿರುಗಿಸಿದ ಕೆಲಸವೇ. ಡಬ್ಬಿಯ ತಳವನ್ನ ಐದು ನಿಮಿಷ ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಒಳಗಿನ ಗಾಳಿ ಹಿಗ್ಗುತ್ತೆ, ಸ್ವಲ್ಪ ಹಬೆ ಏಳುತ್ತೆ, ಮುಚ್ಚಳ ಸಡಿಲ ಆಗುತ್ತೆ. ಒಲೆ ಮೇಲಿನ ಪಾತ್ರೆಗೆ ಒಂದು ಸೈಜ್ ಚಿಕ್ಕ ಮುಚ್ಚಳ ಇಟ್ಟು ಅದು ಒಳಗೆ ಎಳೆದುಕೊಂಡು ಕೂತಿದ್ರೂ ಇದೇ ಉಪಾಯ: ಒಳಗೆ ನೀರಿನಂಶ ಇದ್ರೆ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಮಾಡಿ. ಅದರ ಮೇಲೆ ತಣ್ಣೀರು ಸುರಿದ್ರೆ ಒಳಗಿನ ಹಬೆ ಇನ್ನೂ ಕುಗ್ಗಿ ಮುಚ್ಚಳ ಇನ್ನಷ್ಟು ಬಿಗಿಯುತ್ತೆ. ಗಾಜಿನ ಮುಚ್ಚಳ ಆದ್ರೆ ಒಡೆದೇ ಹೋಗಬಹುದು.

ಬೇಕು ಅಂತಲೇ ಬಿಗಿ ಮಾಡಿದ ಕಾಲ

ಇಲ್ಲಿವರೆಗೆ ಬಿಗಿಯಾದ ಮುಚ್ಚಳ ಅಂದ್ರೆ ತೊಂದರೆ ಅಂತ ಮಾತಾಡಿದ್ವಿ. ಆದ್ರೆ ಇದೇ ಬಿಗಿತ ಕೋಟ್ಯಂತರ ಜನರ ಹೊಟ್ಟೆ ತುಂಬಿಸಿದೆ.

ಫ್ರಾನ್ಸ್‌ನಲ್ಲಿ ನಿಕೊಲಾ ಅಪೇರ್ ಅಂತ ಒಬ್ಬ ಮಿಠಾಯಿ ಮಾಡೋನಿದ್ದ. ಗಾಜಿನ ಬಾಟಲಿಗೆ ತರಕಾರಿ, ಮಾಂಸ ಹಾಕಿ, ಬಿರಡೆ ಬಿಗಿದು, ಕುದಿಯೋ ನೀರಿನಲ್ಲಿ ಇಟ್ಟು ತೆಗೆದ್ರೆ ಆಹಾರ ತಿಂಗಳುಗಟ್ಟಲೆ ಕೆಡಲ್ಲ ಅಂತ ವರ್ಷಾನುಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ. ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟು, ವಿಧಾನವನ್ನ ಪುಸ್ತಕವಾಗಿ ಪ್ರಕಟಿಸಬೇಕು ಅಂತ ಷರತ್ತು ಹಾಕ್ತು. 1810ರಲ್ಲಿ ಪುಸ್ತಕ ಬಂತು. ಆಹಾರ ಕೆಡಿಸೋದು ಸೂಕ್ಷ್ಮಜೀವಿಗಳು ಅಂತ ಅವನಿಗೆ ಗೊತ್ತಿರಲಿಲ್ಲ. ಪಾಶ್ಚರ್ ಅದನ್ನ ತೋರಿಸೋಕೆ ಇನ್ನೂ ಅರ್ಧ ಶತಮಾನ ಬೇಕಿತ್ತು.

ಅದೇ 1810ರಲ್ಲಿ ಇಂಗ್ಲೆಂಡ್‌ನಲ್ಲಿ ಪೀಟರ್ ಡ್ಯೂರಂಡ್ ತವರದ ಡಬ್ಬಿಗೆ ಪೇಟೆಂಟ್ ತಗೊಂಡ. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಗೆ ಡಬ್ಬಿ ಮಾಂಸ ಹೋಗೋಕೆ ಶುರುವಾಯ್ತು. ಆದ್ರೆ ಡಬ್ಬಿ ತೆಗೆಯೋದು ಹೇಗೆ? ಉಳಿ ಮತ್ತು ಸುತ್ತಿಗೆ! ಆಗಿನ ಡಬ್ಬಿಗಳ ಮೇಲಿದ್ದ ಸೂಚನೆಯೂ ಇದೇ. ಡಬ್ಬಿ ತೆಗೆಯೋಕೆ ಅಂತಲೇ ಸಾಧನ ಬಂದಿದ್ದು 1855ರಲ್ಲಿ ಲಂಡನ್‌ನ ರಾಬರ್ಟ್ ಯೇಟ್ಸ್‌ನಿಂದ, 1858ರಲ್ಲಿ ಅಮೆರಿಕದ ಎಜ್ರಾ ವಾರ್ನರ್‌ನಿಂದ. ಅಂದ್ರೆ ಮುಚ್ಚೋದು ಕಲಿತು 45 ವರ್ಷ ಆದ್ಮೇಲೆ ತೆಗೆಯೋದಕ್ಕೆ ಉಪಕರಣ ಸಿಕ್ತು.

1858 ಇನ್ನೊಂದು ಕಾರಣಕ್ಕೂ ಮುಖ್ಯ. ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಕತ್ತಿನಲ್ಲಿ ತಿರುಪು ಇರೋ ಗಾಜಿನ ಜಾಡಿಗೆ ಪೇಟೆಂಟ್ ಪಡೆದ. ನಮ್ಮ ಅಡುಗೆಮನೆಯ ಜಾಮ್ ಬಾಟಲಿ, ಉಪ್ಪಿನಕಾಯಿ ಬಾಟಲಿ ಎಲ್ಲಾ ಅದರ ಮೊಮ್ಮಕ್ಕಳು. ನಮ್ಮ ಹಳೇ ಉಪ್ಪಿನಕಾಯಿ ಭರಣಿಗೆ ಈ ರಗಳೆಯೇ ಇರಲಿಲ್ಲ. ಉಪ್ಪು, ಹುಳಿ, ಎಣ್ಣೆ ಕಾಪಾಡ್ತಿದ್ವು, ಮೇಲೆ ಒಂದು ಬಟ್ಟೆ ಕಟ್ಟಿದ್ರೆ ಸಾಕಿತ್ತು.

ಹೊಸ ಜಾಮ್ ಬಾಟಲಿ ತೆಗೆದಾಗ "ಟಕ್" ಅನ್ನುತ್ತಲ್ಲ, ಆ ಸದ್ದು ಹೊರಗಿನ ಗಾಳಿ ಒಳಗೆ ನುಗ್ಗಿದ್ದು. ಬಿಗಿತ ಅಲ್ಲಿವರೆಗೆ ಕೆಡದೆ ಇತ್ತು ಅನ್ನೋದಕ್ಕೆ ಅದೇ ರಸೀದಿ. ಹೊಸ ಬಾಟಲಿ ಆ ಸದ್ದೇ ಇಲ್ಲದೆ ಸುಲಭಕ್ಕೆ ಬಂದ್ರೆ ಅನುಮಾನ ಪಡಿ. ಬಿಗಿಯಾಗಿದ್ರೆ ಚಮಚದ ಮೊಂಡು ತುದಿಯನ್ನ ಮುಚ್ಚಳದ ಅಂಚಿನ ಕೆಳಗೆ ಇಟ್ಟು ನಿಧಾನಕ್ಕೆ ಮೀಟಿ. ಟಕ್ ಅಂದ ತಕ್ಷಣ ನಿಲ್ಲಿಸಿ, ಆಮೇಲೆ ಕೈಯಲ್ಲೇ ತಿರುಗುತ್ತೆ. ಚಾಕು ಬೇಡ, ಜಾರಿದ್ರೆ ಅಂಗೈಗೇ ಬರುತ್ತೆ. ಗಾಜಿನ ಕತ್ತಿಗೆ ಹೊಡೆಯೋದೂ ಬೇಡ, ಚೂರು ಒಳಗೆ ಬಿದ್ರೆ ಇಡೀ ಬಾಟಲಿ ಎಸೀಬೇಕು.

ಕಮ್ಮಾರನಿಗೆ ಗೊತ್ತಿದ್ದ ವಿದ್ಯೆ

ಎಲ್ಲಾ ಬಿಗಿತಕ್ಕೂ ಗಾಳಿಯೇ ಕಾರಣ ಅಲ್ಲ. ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಳ್ಳುತ್ತೆ, ಅರ್ಧ ಖಾಲಿಯಾದ ಜೇನಿನ ಬಾಟಲಿಯ ಮುಚ್ಚಳ ಕಚ್ಚಿಕೊಳ್ಳುತ್ತೆ. ಇಲ್ಲಿ ಕೆಲಸಕ್ಕೆ ಬರೋದು ಬಿಸಿಗೆ ಲೋಹ ಹಿಗ್ಗುತ್ತೆ ಅನ್ನೋ ಸಂಗತಿ. ಶಾಲೆಯ ಪ್ರಯೋಗಾಲಯದಲ್ಲಿ ಗುಂಡು ಮತ್ತು ಬಳೆಯ ಪ್ರಯೋಗ ನೋಡಿರ್ತೀರಿ. ಅದನ್ನ ಜನಪ್ರಿಯ ಮಾಡಿದವನು 1700ರ ದಶಕದ ಮೊದಲ ಭಾಗದಲ್ಲಿ ಹಾಲೆಂಡ್‌ನ ಲೈಡನ್‌ನಲ್ಲಿ ಪಾಠ ಮಾಡ್ತಿದ್ದ ಗ್ರಾವೆಸಾಂಡೆ.

ಆದ್ರೆ ಪುಸ್ತಕ ಓದದೆಯೇ ಇದನ್ನ ಕೈಯಲ್ಲಿ ತಿಳ್ಕೊಂಡಿದ್ದವರು ನಮ್ಮೂರಿನ ಕಮ್ಮಾರರು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ನೋಡಿದ್ದೀರಾ? ಪಟ್ಟಿಯನ್ನ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡ್ತಾರೆ. ಸುತ್ತಲೂ ಬೆಂಕಿ ಹಾಕಿ ಚೆನ್ನಾಗಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲೆ ಕೂರಿಸಿ, ತಕ್ಷಣ ನೀರು ಸುರೀತಾರೆ. 1.2 ಮೀಟರ್ ಅಗಲದ ಪಟ್ಟಿಯನ್ನ ಐನೂರು ಡಿಗ್ರಿಯಷ್ಟು ಕಾಯಿಸಿದ್ರೆ ಅದರ ಸುತ್ತಳತೆ ಸುಮಾರು 2 ಸೆಂಟಿಮೀಟರ್ ಹಿಗ್ಗುತ್ತೆ. ತಣ್ಣಗಾದಾಗ ಅದೇ 2 ಸೆಂಟಿಮೀಟರ್ ಕುಗ್ಗಿ ಮರವನ್ನ ಬಿಗಿಯಾಗಿ ಅಪ್ಪಿಕೊಳ್ಳುತ್ತೆ.

ಬಿಗಿ ಮಾಡೋ ಆ ವಿದ್ಯೆಯನ್ನ ಉಲ್ಟಾ ಮಾಡಿದ್ರೆ ಸಡಿಲ ಮಾಡೋ ವಿದ್ಯೆ. ಹೊರಗಿನ ವಸ್ತು ಬಿಸಿ ಆಗಬೇಕು, ಒಳಗಿನದು ತಣ್ಣಗಿರಬೇಕು. ಲೋಟ ಸಿಕ್ಕಿಕೊಂಡಿದ್ರೆ ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನದನ್ನ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ತಿರುಗಿಸ್ತಾ ಎಳೀರಿ. ಬಾಟಲಿ ಆದ್ರೆ ಮುಚ್ಚಳದ ಮೇಲೆ ಮಾತ್ರ ಬಿಸಿನೀರು ಬಿಡಿ. 7 ಸೆಂಟಿಮೀಟರ್‌ನ ಸ್ಟೀಲ್ ಮುಚ್ಚಳ 40 ಡಿಗ್ರಿ ಬಿಸಿಯಾದ್ರೆ ಹಿಗ್ಗೋದು ತಲೆಕೂದಲಿನ ಅರ್ಧ ದಪ್ಪದಷ್ಟು. ಕೇಳೋಕೆ ಏನೂ ಅಲ್ಲ, ತಿರುಪು ಬಿಡೋಕೆ ಅಷ್ಟು ಸಾಕು. ಜೊತೆಗೆ ತಿರುಪಿನಲ್ಲಿ ಒಣಗಿದ ಸಕ್ಕರೆ, ಜೇನು ಕೂಡ ಕರಗುತ್ತೆ. ಆದ್ರೆ ಫ್ರಿಜ್‌ನಿಂದ ತೆಗೆದ ಗಾಜಿನ ಮೇಲೆ ಕುದಿಯೋ ನೀರು ಸುರೀಬೇಡಿ. ಗಾಜಿನ ಹೊರಮೈ ಹಿಗ್ಗಿ ಒಳಮೈ ಹಿಗ್ಗದೆ ಇದ್ರೆ ಬಿರುಕು ಬಿಡುತ್ತೆ. ಕೈ ತಡ್ಕೊಳ್ಳುವಷ್ಟು ಬಿಸಿ ಸಾಕು.

ಒತ್ತಡ ತಿರುಗಿ ನಿಂತಾಗ

ಇಲ್ಲಿವರೆಗೆ ಹೇಳಿದ್ದೆಲ್ಲಾ ತಪ್ಪಿದ್ರೆ ಹೆಚ್ಚಂದ್ರೆ ಒಂದು ಡಬ್ಬಿ ಹಾಳಾಗುತ್ತೆ. ಈಗ ಹೇಳೋದು ತಪ್ಪಿದ್ರೆ ಮೈ ಸುಡುತ್ತೆ.

ಡೆನಿ ಪಾಪಿನ್ 1647ರಲ್ಲಿ ಫ್ರಾನ್ಸ್‌ನ ಬ್ಲ್ವಾ ಊರಲ್ಲಿ ಹುಟ್ಟಿದ. ವೈದ್ಯಕೀಯ ಓದಿದ್ರೂ ಮನಸ್ಸು ಯಂತ್ರಗಳ ಮೇಲೆ. ಪ್ಯಾರಿಸ್‌ನಲ್ಲಿ ಹೈಗೆನ್ಸ್ ಜೊತೆ, ಆಮೇಲೆ ಲಂಡನ್‌ನಲ್ಲಿ ರಾಬರ್ಟ್ ಬಾಯ್ಲ್ ಜೊತೆ ಗಾಳಿ ತೆಗೆಯೋ ಪಂಪ್‌ನಲ್ಲೇ ಕೆಲಸ ಮಾಡಿದ. ಅಂದ್ರೆ ಗೆರಿಕೆಯ ದಾರಿಯಲ್ಲೇ ಬಂದವನು. ಆದ್ರೆ ಅವನು ಪ್ರಶ್ನೆಯನ್ನ ತಿರುಗಿಸಿದ: ಗಾಳಿ ತೆಗೆಯೋ ಬದಲು ಹಬೆಯನ್ನ ಒಳಗೇ ಕೂಡಿ ಹಾಕಿದ್ರೆ? 1679ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಗೆ ಒಂದು ಪಾತ್ರೆ ತೋರಿಸಿದ. ದಪ್ಪ ಲೋಹ, ಸ್ಕ್ರೂ ಹಾಕಿ ಬಿಗಿದ ಮುಚ್ಚಳ. ಒಳಗೆ ಒತ್ತಡ ಏರಿದ ಹಾಗೆ ನೀರು ನೂರು ಡಿಗ್ರಿ ದಾಟಿ ಬಿಸಿಯಾಗುತ್ತೆ, ಮೂಳೆ ಕೂಡ ಮೆತ್ತಗಾಗುತ್ತೆ. 1682ರ ಏಪ್ರಿಲ್ 12ರಂದು ಸೊಸೈಟಿಯ ಸದಸ್ಯರಿಗೆ ಇದರಲ್ಲೇ ಬೇಯಿಸಿ ಊಟ ಹಾಕಿದ. ಅವತ್ತು ಊಟಕ್ಕೆ ಕೂತಿದ್ದ ಜಾನ್ ಎವೆಲಿನ್, ಗಟ್ಟಿ ಮೂಳೆಗಳು ಚೀಸ್‌ನಷ್ಟು ಮೃದುವಾಗಿದ್ದವು ಅಂತ ಡೈರಿಯಲ್ಲಿ ಬರೆದಿಟ್ಟಿದ್ದಾನೆ.

ಪಾಪಿನ್ ಮಾಡಿದ ದೊಡ್ಡ ಕೆಲಸ ಪಾತ್ರೆ ಅಲ್ಲ, ಅದಕ್ಕೆ ಹಾಕಿದ ಸೇಫ್ಟಿ ವಾಲ್ವ್. ಒಂದು ಚಿಕ್ಕ ತೂತು, ಅದರ ಮೇಲೆ ಸನ್ನೆಗೋಲಿಗೆ ಕಟ್ಟಿದ ತೂಕ. ಒತ್ತಡ ಮಿತಿ ಮೀರಿದ್ರೆ ತೂಕ ಏಳುತ್ತೆ, ಹಬೆ ಹೊರಗೆ ಹೋಗುತ್ತೆ. ನಮ್ಮ ಕುಕ್ಕರ್ ಹಾಕೋ ಪ್ರತಿ ವಿಷಲ್ ಅವನ ಆ ತೂಕದ ಸದ್ದು. ಮುಂದೆ ಹಬೆ ಎಂಜಿನ್‌ಗಳಿಗೂ ಇದೇ ಉಪಾಯ ಬಂತು. ಪಾಪಿನ್ ಪ್ರಾಟೆಸ್ಟೆಂಟ್. 1685ರಲ್ಲಿ ಫ್ರಾನ್ಸ್ ಅವರಿಗಿದ್ದ ಧಾರ್ಮಿಕ ಹಕ್ಕು ಕಿತ್ಕೊಂಡ ಮೇಲೆ ಅವನಿಗೆ ಊರಿಗೆ ಮರಳೋ ದಾರಿ ಮುಚ್ಚಿತು. ಕೊನೆಯ ವರ್ಷಗಳನ್ನ ಲಂಡನ್‌ನಲ್ಲಿ ಬಡತನದಲ್ಲಿ ಕಳೆದ.

ಭಾರತದಲ್ಲಿ ಕುಕ್ಕರ್ ತಯಾರಿಕೆ ನೆಲೆಯೂರಿದ್ದು 1959ರ ಹೊತ್ತಿಗೆ. ಬ್ರಿಟಿಷ್ ಕಂಪನಿಗಳ ಸಹಯೋಗದಲ್ಲಿ ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ ಆಗ ಶುರುವಾದವು. ಪ್ರೆಸ್ಟೀಜ್ ಕಂಪನಿಗೆ ಬೆಂಗಳೂರಿನ ನಂಟು ಹಳೇದು, ಪಕ್ಕದ ಹೊಸೂರಿನಲ್ಲಿ ಅವರ ಕಾರ್ಖಾನೆ ಇದೆ. ಎರಡರ ಮುಚ್ಚಳದ ಲೆಕ್ಕಾಚಾರ ಬೇರೆ ಬೇರೆ. ಹಾಕಿನ್ಸ್ ಮುಚ್ಚಳ ಪಾತ್ರೆಯ ಒಳಗಿನಿಂದ ಕೂರುತ್ತೆ, ಒತ್ತಡ ಇದ್ದಷ್ಟು ಹೊತ್ತು ಅದೇ ಒತ್ತಡ ಮುಚ್ಚಳವನ್ನ ಅಂಚಿಗೆ ಒತ್ತಿ ಹಿಡಿಯುತ್ತೆ. ಹೊರಗಿನಿಂದ ಕೂರೋ ಮುಚ್ಚಳದಲ್ಲಿ ಅಂಚಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಒತ್ತಡ ಜಾಸ್ತಿ ಇದ್ದಷ್ಟೂ ತಿರುಗಿಸೋದು ಕಷ್ಟ. ನಡುವೆ ಇರೋ ರಬ್ಬರ್ ಗ್ಯಾಸ್ಕೆಟ್? ಅದೇ ಗೆರಿಕೆಯ ಚರ್ಮದ ಉಂಗುರ.

20 ಸೆಂಟಿಮೀಟರ್ ಅಗಲದ ಮುಚ್ಚಳ, ಒಳಗೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರ್‌ಗೆ ಒಂದು ಕೆ.ಜಿ. ಹೆಚ್ಚು ಒತ್ತಡ ಅಂದ್ಕೊಳ್ಳಿ. ಒಟ್ಟು ಸುಮಾರು 314 ಕೆ.ಜಿ., ಅಂದ್ರೆ ಮೂರು ಕ್ವಿಂಟಾಲ್! ಒಳಗಿನ ನೀರು ಸುಮಾರು 120 ಡಿಗ್ರಿ. ಈ ಸ್ಥಿತಿಯಲ್ಲಿ ಮುಚ್ಚಳ ಕಿತ್ತು ಬಂದ್ರೆ ಆ ನೀರಿನ ಒಂದು ಭಾಗ ಕ್ಷಣದಲ್ಲಿ ಹಬೆಯಾಗಿ, ಬೇಳೆ ಸಮೇತ ಮುಖಕ್ಕೆ ಬರುತ್ತೆ.

ಪ್ರೆಸ್ಟೀಜ್‌ನ ಟಿ.ಟಿ. ಜಗನ್ನಾಥನ್ ಹೇಳಿಕೊಂಡಿರೋ ಒಂದು ಸಂಗತಿ ಇದೆ. ಕುಕ್ಕರ್‌ಗಳು ಸಿಡಿದ ದೂರುಗಳು ಬಂದಾಗ ಕಾರಣ ಹುಡುಕಿದ್ರೆ ಸಿಕ್ಕಿದ್ದು ನಕಲಿ ಬಿಡಿಭಾಗಗಳು. ಜನ ನಕಲಿ ವಾಲ್ವ್ ಹಾಕಿಸ್ಕೊಳ್ಳೋದನ್ನ ತಡೆಯೋದು ಕಷ್ಟ, ಹಾಗಾಗಿ ಮುಚ್ಚಳದ ಪಕ್ಕದಲ್ಲೇ ಒಂದು ಸೀಳು ಕೊಟ್ಟರು. ತೂಕವೂ ಸೇಫ್ಟಿ ವಾಲ್ವೂ ಕೈಕೊಟ್ರೆ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಗೆ ಉಬ್ಬಿ ಹಬೆಗೆ ದಾರಿ ಮಾಡುತ್ತೆ. ಸರ್ಕಾರವೂ 2020ರ ಆದೇಶದ ಮೂಲಕ ಮನೆಬಳಕೆಯ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದೆ.

ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಹಾಗಾಗಿ ಯಾವುದೇ ಮುಚ್ಚಳ ಬಿಡದೆ ಇದ್ರೆ ಮೊದಲು ಕೇಳಿ: ಒತ್ತಡ ಯಾವ ಕಡೆಯಿಂದ? ತಣ್ಣಗಾದ ಪಾತ್ರೆ ಆದ್ರೆ ಹೊರಗಿನ ಗಾಳಿ ಒಳಕ್ಕೆ ಒತ್ತುತ್ತಿದೆ, ಗಾಳಿಗೆ ದಾರಿ ಕೊಡಿ. ಬಿಸಿ ಕುಕ್ಕರ್ ಆದ್ರೆ ಒಳಗಿನ ಹಬೆ ಹೊರಕ್ಕೆ ಒತ್ತುತ್ತಿದೆ, ಕೈ ಹಚ್ಚಬೇಡಿ. ಎರಡೂ ಸಂದರ್ಭದಲ್ಲಿ ನಮ್ಮ ಕೈಗೆ ಅನುಭವ ಒಂದೇ, "ಮುಚ್ಚಳ ಬಿಡ್ತಿಲ್ಲ" ಅಂತ. ಅಪಾಯ ಇರೋದು ಅಲ್ಲೇ.

ಬಿಸಿ ಕುಕ್ಕರ್ ಬಿಗಿಯಾಗಿದ್ರೆ ಉರಿ ಆರಿಸಿ ಕಾಯಿರಿ. ತೂಕ ಸ್ವಲ್ಪ ಎತ್ತಿದಾಗ ಹಬೆ ಬರಲಿಲ್ಲ ಅಂದ ಮಾತ್ರಕ್ಕೆ ಒಳಗೆ ಒತ್ತಡ ಇಲ್ಲ ಅಂತ ನಿರ್ಧಾರ ಮಾಡಬೇಡಿ. ಬೇಳೆಯ ನೊರೆ ತೂತಿನಲ್ಲಿ ಕಟ್ಟಿಕೊಂಡಿದ್ರೂ ಹಬೆ ಬರಲ್ಲ. ಹಾಗಿದ್ದಾಗ ಕುಕ್ಕರ್ ಮೈ ಪೂರ್ತಿ ತಣ್ಣಗಾಗಲಿ, ಅವಸರ ಇದ್ರೆ ಮುಚ್ಚಳದ ಮೇಲೆ ನಿಧಾನಕ್ಕೆ ತಣ್ಣೀರು ಬಿಡಿ. ಕೋಲು, ಸುತ್ತಿಗೆ, ಇನ್ನೊಬ್ಬರ ತೋಳ್ಬಲ ಯಾವುದೂ ಬೇಡ.

ಪೂರ್ತಿ ತಣ್ಣಗಾದ ಮೇಲೂ ಬಿಡದಿದ್ರೆ ಆಗ ಕಥೆ ಉಲ್ಟಾ ಆಗಿರುತ್ತೆ, ಒಳಗಿನ ಹಬೆ ಕುಗ್ಗಿ ಗಾಳಿ ಹೊರಗಿನಿಂದ ಒತ್ತುತ್ತಿರುತ್ತೆ. ತೂಕವನ್ನ ಪೂರ್ತಿ ತೆಗೀರಿ, ತೂತು ಕಟ್ಟಿದ್ರೆ ಪಿನ್ನಿನಿಂದ ಬಿಡಿಸಿ. ಸುಂಯ್ ಅಂತ ಗಾಳಿ ಒಳಗೆ ಹೋದ್ರೆ ಮುಚ್ಚಳ ತಾನಾಗಿ ಸಡಿಲ ಆಗುತ್ತೆ. ತೂತು ಕಟ್ಟಿರೋ ಕುಕ್ಕರನ್ನ ಮಾತ್ರ ಯಾವ ಕಾರಣಕ್ಕೂ ಮತ್ತೆ ಒಲೆ ಮೇಲೆ ಇಡಬೇಡಿ. ಮತ್ತೆ, ಅಡುಗೆಗೆ ಮುಂಚೆ ಆ ತೂತಿನ ಮೂಲಕ ಒಂದ್ಸಲ ಬೆಳಕು ಕಾಣುತ್ತಾ ಅಂತ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಎರಡು ಸೆಕೆಂಡ್ ಕೆಲಸ.

ಮನೆಯಲ್ಲಿ ಹೊಸದಾಗಿ ಅಡುಗೆ ಕಲೀತಿರೋರು ಇದ್ರೆ, ಅಥವಾ ಪಿ.ಜಿ., ರೂಮಲ್ಲಿ ಇರೋ ಫ್ರೆಂಡ್ಸ್ ಹೊಸ ಕುಕ್ಕರ್ ತಗೊಂಡಿದ್ರೆ, ಈ ಸಂಚಿಕೆ ಅವರಿಗೂ ಕಳಿಸಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗ್ತೀನಿ.